ದ್ರಾಕ್ಷಿಗೆ ಎರಡು ತಕ್ಕಡಿ

ನಾಸಿಕದ ದ್ರಾಕ್ಷಿ ಯುರೋಪಿಗೆ ಹೊರಟರೆ ಅದರ ಮಾದರಿ ಮೊದಲು ಪ್ರಯೋಗಾಲಯಕ್ಕೆ ಹೋಗುತ್ತದೆ. ಕೀಟನಾಶಕದ ಶೇಷ ಮಿತಿಯೊಳಗಿದೆ ಎಂಬ ವರದಿ ಬಂದ ಮೇಲೆಯೇ ಪೆಟ್ಟಿಗೆಗಳು ಹಡಗು ಹತ್ತಬೇಕು. ಅದೇ ಜಿಲ್ಲೆಯ ದ್ರಾಕ್ಷಿ ವಾಶಿ ಮಾರುಕಟ್ಟೆಗೆ ಬಂದರೆ ಬೆಳಗಿನೊಳಗೆ ಮಾರಾಟವಾಗಿ, ಮಧ್ಯಾಹ್ನ ಮಾಟುಂಗದ ತಳ್ಳುಗಾಡಿಯಲ್ಲಿರುತ್ತದೆ. ಆ ಹಣ್ಣನ್ನು ಪರೀಕ್ಷೆಗೆ ಕಳಿಸಿದರೂ ವರದಿ ಬರುವಷ್ಟರಲ್ಲಿ ಅದು ಹೊಟ್ಟೆ ಸೇರಿರುತ್ತದೆ.

ಈ ವೇಗಕ್ಕೆ ಹೊಂದುವ ಸಾಧನವೆಂದರೆ ಪ್ರತಿಕಾಯ ಬಳಸುವ ಬಯೋಸೆನ್ಸರ್. ಕೀಟನಾಶಕದ ಅಣು ತೀರಾ ಚಿಕ್ಕದು. ಪ್ರಾಣಿಯ ರೋಗನಿರೋಧಕ ವ್ಯವಸ್ಥೆ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಹಾಗಾಗಿ ಅದನ್ನು ದೊಡ್ಡ ಪ್ರೋಟೀನೊಂದಕ್ಕೆ ಜೋಡಿಸಿ ಮೊಲಕ್ಕೋ ಇಲಿಗೋ ಕೋಳಿಗೋ ಚುಚ್ಚುತ್ತಾರೆ. ಕೋಳಿಯಾದರೆ ರಕ್ತ ತೆಗೆಯುವ ಗೋಜಿಲ್ಲ, ಪ್ರತಿಕಾಯ ಮೊಟ್ಟೆಯ ಹಳದಿಯಲ್ಲೇ ಸಿಗುತ್ತದೆ. ಕಾಗದದ ಪಟ್ಟಿಯ ರೂಪದಲ್ಲಿ ಇದು ಗರ್ಭಪರೀಕ್ಷೆಯ ಪಟ್ಟಿಯಂತೆಯೇ ಕಾಣುತ್ತದೆ. ಓದುವುದು ಮಾತ್ರ ತಿರುಗುಮುರುಗು: ವಿಷ ಹೆಚ್ಚಾದಷ್ಟೂ ಗೆರೆ ಮಾಸುತ್ತದೆ. ಮಾದರಿಯಲ್ಲಿರುವ ಕೀಟನಾಶಕವೇ ಪ್ರತಿಕಾಯವನ್ನು ಹಿಡಿದುಬಿಟ್ಟರೆ ಗೆರೆಗೆ ಅಂಟಲು ಏನೂ ಉಳಿಯುವುದಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಮೀಥೈಲ್ ಪ್ಯಾರಾಥಿಯಾನ್ ಪತ್ತೆಗೆ ಪ್ರತಿಕಾಯ ಬಳಸಿ ನೋಡಿ ಎರಡು ದಶಕವೇ ಆಗುತ್ತ ಬಂತು. ಅಂದರೆ ಕೊರತೆ ವಿಜ್ಞಾನದ್ದಲ್ಲ.

ಒಂದು ಪ್ರತಿಕಾಯ ಒಂದೇ ಕೀಟನಾಶಕವನ್ನೋ, ಹೆಚ್ಚೆಂದರೆ ಅದರ ಹತ್ತಿರದ ಬಳಗವನ್ನೋ ಹಿಡಿಯುತ್ತದೆ, ತೋಟದಲ್ಲಿ ಹೊಡೆಯುವ ಔಷಧಗಳು ಹಲವು ಎಂಬ ಆಕ್ಷೇಪವಿದೆ. ಅದು ನಿಜವೇ. ಆದರೆ 2010ರಲ್ಲಿ ಯುರೋಪು ಭಾರತದ ದ್ರಾಕ್ಷಿಯನ್ನು ತಡೆದದ್ದು ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕಕ್ಕಾಗಿ; ಇಲ್ಲಿ ಪರೀಕ್ಷಿಸುವ ರಾಸಾಯನಿಕಗಳ ಯಾದಿಯಲ್ಲಿ ಅದು ಇರಲೇ ಇಲ್ಲ. ಹುಡುಕದ್ದು ದುಬಾರಿ ಯಂತ್ರಕ್ಕೂ ಸಿಗುವುದಿಲ್ಲ. ಪದೇ ಪದೇ ಮಿತಿ ಮೀರುವ ನಾಲ್ಕೈದನ್ನು ಆರಿಸಿ ಪಟ್ಟಿ ಮಾಡಿದರೂ ಈಗಿನ ಶೂನ್ಯಕ್ಕಿಂತ ಮೇಲು.

ಹಾಲಿನ ಡೇರಿಗಳಿಗೆ ಇಂಥ ಪಟ್ಟಿ ಹೊಸದಲ್ಲ. ಆಂಟಿಬಯೋಟಿಕ್, ಅಫ್ಲಾಟಾಕ್ಸಿನ್ ನೋಡುವ ಪಟ್ಟಿಗಳಿವೆ. ಫಲಿತಾಂಶ ಬರುವವರೆಗೆ ಟ್ಯಾಂಕರ್ ಕಾಯುತ್ತದೆ. ಕೆಟ್ಟ ಹಾಲು ಬೆರೆತರೆ ನಷ್ಟ ಡೇರಿಯದೇ. ಹಣ್ಣಿನ ಮಂಡಿಯಲ್ಲಿ ನಷ್ಟ ತಿನ್ನುವವರದು, ಅದಕ್ಕೇ ಅಲ್ಲಿ ಯಾರಿಗೂ ಅವಸರವಿಲ್ಲ. ಹಾಗೆಂದು ಪಟ್ಟಿಯನ್ನು ಅಡುಗೆಮನೆಗೆ ಮಾರುವುದು ತಪ್ಪು ದಾರಿ. ದುಡ್ಡು ಕೊಟ್ಟು ತಂದ ಹಣ್ಣಿನ ಗೆರೆ ಮಾಸಿದ್ದು ಕಂಡ ಗೃಹಿಣಿ ಯಾರ ಬಾಗಿಲು ಬಡಿಯಬೇಕು?

ಪಟ್ಟಿ ಇರಬೇಕಾದದ್ದು ಮಂಡಿಯ ಗೇಟಿನಲ್ಲಿ. ಅದರ ಗೆರೆ ನೋಡಿ ಯಾರಿಗೂ ಶಿಕ್ಷೆಯಾಗಬೇಕಿಲ್ಲ. ಆ ಸರಕನ್ನು ತಡೆದು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರವಿದ್ದರೆ ಸಾಕು. ಪಟ್ಟಿಯೂ ತಪ್ಪಬಹುದು, ತಡೆದ ಹಣ್ಣು ಕೊಳೆಯಬಹುದು. ತಪ್ಪಿದಾಗ ಅದರ ಬೆಲೆಯನ್ನು ಮಂಡಿಯ ಶುಲ್ಕದಿಂದಲೇ ರೈತನಿಗೆ ಕಟ್ಟಿಕೊಡಬೇಕು, ಅದೂ ಅದೇ ವಾರದೊಳಗೆ.