ವಿದೇಶ ಪ್ರವಾಸದ ಖರ್ಚು ಯಾರ ಹೊಲದಿಂದ?

ನಿವೃತ್ತನಾದ ಮೇಲೆ ನಾನು ಕೈಗೊಂಡ ಒಂದೇ ಒಂದು ವಿದೇಶ ಪ್ರವಾಸವೆಂದರೆ ಕೊಲಂಬೊಗೆ ಹೋಗಿಬಂದ ನಾಲ್ಕು ದಿನಗಳದು. ನನ್ನ ಅಕ್ಕನ ಮಗ ಬೆಂಗಳೂರಿನ ಪ್ರವಾಸ ಸಂಸ್ಥೆಯೊಂದರಲ್ಲಿದ್ದಾನೆ. ಕಂಪೆನಿಗಳು ಮಾರಾಟದ ಗುರಿ ಮುಟ್ಟಿದ ವ್ಯಾಪಾರಿಗಳನ್ನು ಬಹುಮಾನದ ರೂಪದಲ್ಲಿ ಹೊರದೇಶಕ್ಕೆ ಕಳುಹಿಸುವ ಮೊದಲು ಅಲ್ಲಿಗೆ ಹೋಗಿ, ಅನುಕೂಲ ಅನನುಕೂಲಗಳನ್ನು ನೋಡಿ ವರದಿ ಕೊಡುವುದು ಅವನ ಕೆಲಸ. ಈ ಸಲದ ತಂಡ ಉತ್ತರ ಕರ್ನಾಟಕದ ಗೊಬ್ಬರ ಮತ್ತು ಕ್ರಿಮಿನಾಶಕದ ಅಂಗಡಿಕಾರರದು. ಅವರಲ್ಲಿ ನಮ್ಮ ಬಸವನ ಬಾಗೇವಾಡಿ ತಾಲ್ಲೂಕಿನವರೂ ಇದ್ದರು. 'ಮಾಮಾ, ನಮ್ಮ ಕಡೀ ಮಂದಿಗೆ ಏನು ಸೇರತೈತಿ, ಏನು ಸೇರೂದಿಲ್ಲ ಅಂತ ನಿಮಗ ಗೊತ್ತು, ನೀವೂ ಬರ್ರಿ' ಎಂದ. ನನ್ನ ಖರ್ಚನ್ನು ನಾನೇ ಭರಿಸಿಕೊಂಡು ಹೊರಟೆ.

ಅವನ ಶಿಸ್ತನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. ವಿಮಾನ ನಿಲ್ದಾಣದಿಂದ ಹೋಟೆಲಿಗೆ ಎಷ್ಟು ನಿಮಿಷ, ನೂರ ಇಪ್ಪತ್ತು ಜನ ಒಟ್ಟಿಗೆ ಬಂದರೆ ಕೊಠಡಿಯ ಕೀಲಿ ಕೊಡಲು ಎಷ್ಟು ಹೊತ್ತು, ಸಸ್ಯಾಹಾರದ ಅಡುಗೆಮನೆ ಬೇರೆ ಇದೆಯೇ, ಸನ್ಮಾನ ಸಮಾರಂಭದ ಸಭಾಂಗಣದಲ್ಲಿ ಕಂಬಗಳು ಅಡ್ಡ ಬರುತ್ತವೆಯೇ, ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಆಸ್ಪತ್ರೆ ಎಷ್ಟು ದೂರ — ಎಲ್ಲವನ್ನೂ ಅವನು ಬರೆದುಕೊಂಡ. ಬೆಂತೋಟದ ಕಡಲ ತೀರಕ್ಕೆ ಬಸ್ಸಿನಲ್ಲಿ ಹೋಗಿ ಗಡಿಯಾರ ಹಿಡಿದು ಹೊತ್ತನ್ನು ಅಳೆದ. 'ಊಟ ಚಲೋ ಇಲ್ಲಂದ್ರ ಮುಂದಿನ ವರ್ಷ ಈ ಕೆಲಸ ನಮಗ ಸಿಗೂದಿಲ್ಲ, ಮಾಮಾ' ಎಂಬುದು ಅವನ ಸರಳ ಸಿದ್ಧಾಂತ. ನಾನು ಸೇವೆಯಲ್ಲಿದ್ದಾಗ ಸರ್ಕಾರದ ಹಣದಲ್ಲಿ ಒಮ್ಮೆ ಅಧ್ಯಯನ ಪ್ರವಾಸಕ್ಕೆ ಹೋಗಿದ್ದೆ. ಹಿಂದಿರುಗಿ ಬರೆದ ವರದಿಯನ್ನು ಬಹುಶಃ ನಾನೊಬ್ಬನೇ ಓದಿದ್ದೇನೆ. ಆ ಪ್ರವಾಸಕ್ಕಿಂತ ಈ ಹುಡುಗನ ನಾಲ್ಕು ದಿನಗಳು ಹೆಚ್ಚು ಪ್ರಾಮಾಣಿಕವಾಗಿದ್ದವು ಎಂದು ಒಪ್ಪಿಕೊಳ್ಳಬೇಕು.

ಆದರೆ ಹೋಟೆಲೊಂದರ ಕಿಟಕಿಯಲ್ಲಿ ನಿಂತಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಎದುರಿಗೆ ಗಾಲ್ ಫೇಸ್ ಬಯಲು. 2022ರಲ್ಲಿ ಶ್ರೀಲಂಕಾದ ಜನ ತಿಂಗಳುಗಟ್ಟಲೆ ಬಿಡಾರ ಹೂಡಿ ತಮ್ಮ ಅಧ್ಯಕ್ಷರು ಅಧಿಕಾರ ಬಿಡುವಂತೆ ಮಾಡಿದ ಸ್ಥಳವದು. ಆ ಬಿಕ್ಕಟ್ಟಿಗೆ ತೆರಿಗೆ ಕಡಿತ, ವಿದೇಶಿ ಸಾಲ, ಕೋವಿಡ್‌ನಿಂದ ಕುಸಿದ ಪ್ರವಾಸೋದ್ಯಮ ಹೀಗೆ ಹಲವು ಕಾರಣಗಳಿದ್ದವು. ಅವುಗಳಲ್ಲಿ ಗೊಬ್ಬರವೂ ಒಂದು. 2021ರ ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿದ ಸರ್ಕಾರ, ಭತ್ತ ಮತ್ತು ಚಹಾ ಬೆಳೆಗೆ ಪೆಟ್ಟು ಬಿದ್ದ ಮೇಲೆ ಅದೇ ವರ್ಷ ನವೆಂಬರ್‌ನಲ್ಲಿ ಆ ನಿಷೇಧದಿಂದ ಹಿಂದೆ ಸರಿಯಿತು. ಗೊಬ್ಬರ ಮಾರುವವರು ನೋಡಿ ತಿಳಿಯಬೇಕಾದ ದೇಶವೊಂದಿದ್ದರೆ ಅದು ಇದೇ. ನನ್ನ ಅಳಿಯನ ಪಟ್ಟಿಯಲ್ಲಿ ಆ ಬಯಲಿನ ಬಗ್ಗೆ ಇದ್ದದ್ದು ಎರಡೇ ಪದ: 'ಸಮುದ್ರದ ನೋಟ'. ಅದು ಅವನ ತಪ್ಪಲ್ಲ. ಕಂಪೆನಿ ಅವನನ್ನು ಕೇಳಿದ್ದೇ ಅಷ್ಟು.

ಈ ಪ್ರವಾಸದ ಖರ್ಚು ಎಲ್ಲಿಂದ ಹುಟ್ಟುತ್ತದೆ ಎಂಬುದು ಆ ಪಟ್ಟಿಯಲ್ಲಿ ಇರದ ಇನ್ನೊಂದು ಪ್ರಶ್ನೆ. ಅದಕ್ಕೆ ಉತ್ತರ ನನಗೆ ಊರಿನಲ್ಲೇ ಸಿಕ್ಕಿತು. ನಮ್ಮ ಹೊಲವನ್ನು ಪಾಲಿಗೆ ಮಾಡುವ ರೈತ ಕಳೆದ ಮುಂಗಾರಿನಲ್ಲಿ ತೊಗರಿಗೆಂದು ಗೊಬ್ಬರ ತರಲು ಹೋಗಿ, ಚೀಲಗಳ ಜೊತೆಗೆ ಬೆಳವಣಿಗೆ ಪ್ರಚೋದಕದ ಬಾಟಲಿಯೊಂದನ್ನೂ ತಂದಿದ್ದ. 'ಇದನ್ನ ತಗೊಂಡ್ರನ ಚೀಲ ಅಂದ್ರು, ಸಾಹೇಬ್ರ' ಎಂದ. ಅದರ ಬೆಲೆ ಯೂರಿಯಾ ಚೀಲದ ಬೆಲೆಗಿಂತ ಹೆಚ್ಚು. ಬಾಟಲಿ ಇಂದಿಗೂ ಅವನ ಮನೆಯ ಅಟ್ಟದ ಮೇಲೆ ಹಾಗೆಯೇ ಇದೆ.

ಇದರ ಹಿಂದಿನ ಅರ್ಥಶಾಸ್ತ್ರ ಕಠಿಣವೇನಲ್ಲ. ಯೂರಿಯಾ ಬೆಲೆ ಸರ್ಕಾರದ ಹಿಡಿತದಲ್ಲಿದೆ. 45 ಕಿಲೋ ಚೀಲ 2018ರಲ್ಲಿ ಬಂದಾಗ, ಬೇವಿನ ಲೇಪನದ ವೆಚ್ಚ ಮತ್ತು ತೆರಿಗೆ ಬಿಟ್ಟು ಅದಕ್ಕೆ ನಿಗದಿಯಾದ ಬೆಲೆ 242 ರೂಪಾಯಿ. ಅದರಲ್ಲಿ ಅಂಗಡಿಕಾರನಿಗೆ ಉಳಿಯುವುದು ಅತ್ಯಲ್ಪ. ಲಾಭವಿರುವುದು ಬೆಲೆ ನಿಯಂತ್ರಣವಿಲ್ಲದ ಸೂಕ್ಷ್ಮ ಪೋಷಕಾಂಶ, ಪ್ರಚೋದಕ ಮತ್ತು ಕ್ರಿಮಿನಾಶಕಗಳಲ್ಲಿ. ಮಾರಾಟದ ಗುರಿ ಇರುವುದೂ, ಪ್ರವಾಸದ ಆಮಿಷ ಇರುವುದೂ ಅವುಗಳ ಮೇಲೆಯೇ. ರೈತನಿಗೆ ತುರ್ತಾಗಿ ಬೇಕಾದದ್ದು ಯೂರಿಯಾ ಮತ್ತು ಡಿಎಪಿ. ಹೀಗಿರುವಾಗ ಬೇಕಾದ ಚೀಲಕ್ಕೆ ಬೇಡದ ಬಾಟಲಿಯನ್ನು ಕಟ್ಟಿ ಕೊಡುವ ಪದ್ಧತಿ ಬೆಳೆಯದೆ ಇನ್ನೇನಾದೀತು? ಸರ್ಕಾರ ಎಷ್ಟು ಸುತ್ತೋಲೆ ಹೊರಡಿಸಿದರೂ ಇದು ನಿಂತಿಲ್ಲ. ಮುಳವಾಡ ಏತ ನೀರಾವರಿಯ ನೀರು ತಲುಪಿದ ಹೊಲಗಳಲ್ಲಿ ರೈತ ಹೊಸ ಬೆಳೆಗಳಿಗೆ ಕೈಹಾಕಿದಷ್ಟೂ ಅವನಿಗೆ ಸಲಹೆಯ ಅಗತ್ಯ ಹೆಚ್ಚುತ್ತದೆ. ಸಲಹೆ ಸಿಗುವುದು ಹೆಚ್ಚಾಗಿ ಅಂಗಡಿಯ ಕಟ್ಟೆಯ ಮೇಲೆ.

ಮುಖ್ಯ ಪ್ರಶ್ನೆ ಇರುವುದು ಇಲ್ಲಿಯೇ. ಕೃಷಿ ಪರಿಕರದ ಅಂಗಡಿಕಾರ ಸೋಪು ಮಾರುವ ವ್ಯಾಪಾರಿಯಂತಲ್ಲ. ಹುಳ ಬಿದ್ದ ಎಲೆಯನ್ನು ಕೈಯಲ್ಲಿ ಹಿಡಿದು ಬಂದ ರೈತ 'ಇದಕ್ಕ ಏನು ಹೊಡೀಬೇಕ್ರಿ?' ಎಂದು ಕೇಳುವುದು ಅವನನ್ನೇ. ಇದನ್ನರಿತೇ ಹೈದರಾಬಾದಿನ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆಯು 2003ರಲ್ಲಿ ಈ ವ್ಯಾಪಾರಿಗಳಿಗೆಂದೇ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ಅಂದರೆ ಅವನು ಬೆಳೆಯ ವೈದ್ಯನೂ ಹೌದು ಎಂದು ವ್ಯವಸ್ಥೆಯೇ ಒಪ್ಪಿಕೊಂಡಿದೆ. ಮನುಷ್ಯರ ವೈದ್ಯರಿಗೆ ನಾವು ವಿಧಿಸಿದ ನಿಯಮವೇನು? ಔಷಧ ಕಂಪೆನಿಗಳ ಖರ್ಚಿನಲ್ಲಿ ಪ್ರವಾಸ ಹೋಗಬಾರದೆಂದು ಭಾರತೀಯ ವೈದ್ಯಕೀಯ ಮಂಡಳಿ 2009ರ ಡಿಸೆಂಬರ್‌ನಲ್ಲಿ ನಿಯಮಾವಳಿಗೆ ತಿದ್ದುಪಡಿ ತಂದಿತು. 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ಹೊರಡಿಸಿದ ಏಕರೂಪ ಸಂಹಿತೆಯೂ ಅದನ್ನೇ ಕಂಪೆನಿಗಳಿಗೆ ಹೇಳಿತು. ಪಾಲನೆಯಲ್ಲಿ ಲೋಪಗಳಿರಬಹುದು, ಆದರೆ ಚೀಟಿ ಬರೆಯುವ ಕೈಗೆ ವಿಮಾನದ ಟಿಕೆಟ್ ಸಿಕ್ಕರೆ ರೋಗಿಗೆ ಅಪಾಯ ಎಂಬ ತತ್ವವನ್ನು ನಾವು ಒಪ್ಪಿದ್ದೇವೆ. ಬೆಳೆಯ ವಿಷಯದಲ್ಲೂ ಆ ತತ್ವ ಬೇರೆಯಾಗಲು ಕಾರಣವಿಲ್ಲ.

ಇಂತಹ ಪ್ರವಾಸಗಳು ಸರ್ಕಾರದ ಕಣ್ಣಿಗೆ ಬಿದ್ದಿಲ್ಲ ಎಂದಲ್ಲ. ವ್ಯಾಪಾರದ ಸಂಬಂಧದಲ್ಲಿ ದೊರೆಯುವ ಸೌಲಭ್ಯದ ಮೌಲ್ಯ ವರ್ಷಕ್ಕೆ 20,000 ರೂಪಾಯಿ ಮೀರಿದರೆ ಶೇ 10ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಕಡಿತ ಮಾಡಬೇಕೆಂಬ ನಿಯಮ 2022ರ ಜುಲೈ 1ರಂದು ಜಾರಿಗೆ ಬಂತು. ಪ್ರವಾಸವೂ ಆದಾಯವೇ ಎಂದು ತೆರಿಗೆ ಇಲಾಖೆ ತೀರ್ಮಾನಿಸಿದೆ. ತನ್ನ ಪಾಲನ್ನು ಪಡೆಯುತ್ತದೆ. ಆ ಆದಾಯ ಯಾರ ಜೇಬಿನಿಂದ ಬಂತು ಎಂದು ಕೃಷಿ ಇಲಾಖೆ ಕೇಳಬೇಕಿತ್ತು, ಕೇಳಲಿಲ್ಲ.

ಅಂಗಡಿಕಾರರನ್ನು ಖಳರೆಂದು ಚಿತ್ರಿಸುವುದು ನನ್ನ ಉದ್ದೇಶವಲ್ಲ. ಸುಗ್ಗಿಯವರೆಗೆ ಉದ್ರಿ ಕೊಟ್ಟು, ಮಳೆ ಕೈಕೊಟ್ಟಾಗ ಬಾಕಿ ಮುಳುಗಿಸಿಕೊಳ್ಳುವವರೂ ಅವರೇ. ಕೊಲಂಬೊಗೆ ಹೋಗಿಬಂದ ಒಬ್ಬರನ್ನು ಬಸವೇಶ್ವರ ದೇವಾಲಯದ ಬಳಿ ಕಂಡು ಪ್ರವಾಸ ಹೇಗಿತ್ತೆಂದು ಕೇಳಿದೆ. 'ಚಲೋ ಆತ್ರಿ. ಆದ್ರ ಖರೇ ಹೇಳ್ತೀನಿ, ಸಾಹೇಬ್ರ, ಈ ವಿಮಾನ ನಮಗ ಬ್ಯಾಡ. ಗೊಬ್ಬರದ ಚೀಲಕ್ಕ ಹತ್ತು ರೂಪಾಯಿ ಮಾರ್ಜಿನ್ ಜಾಸ್ತಿ ಮಾಡಸ್ರಿ, ಯಾರಿಗೂ ಬಾಟ್ಲಿ ಕಟ್ಟೂದಿಲ್ಲ' ಎಂದರು. ನಾನು ಎಂ.ಎ. ತರಗತಿಯಲ್ಲಿ ಓದಿದ ಪ್ರೋತ್ಸಾಹಕ ಸಿದ್ಧಾಂತವೆಲ್ಲ ಆ ಎರಡು ಮಾತಿನಲ್ಲಿತ್ತು.

ಆದ್ದರಿಂದ ಮಾಡಬೇಕಾದ ಕೆಲಸ ಮೂರು. ಮೊದಲನೆಯದಾಗಿ, ಗೊಬ್ಬರ ಮತ್ತು ಕ್ರಿಮಿನಾಶಕ ಮಾರಲು ಪರವಾನಗಿ ಕೊಡುವುದು ರಾಜ್ಯದ ಕೃಷಿ ಇಲಾಖೆ. ಮಾರಾಟದ ಪ್ರಮಾಣಕ್ಕೆ ಗಂಟುಹಾಕಿದ ಪ್ರವಾಸ ಮತ್ತು ಉಡುಗೊರೆಗಳನ್ನು ಸ್ವೀಕರಿಸಬಾರದೆಂಬುದು ಆ ಪರವಾನಗಿಯ ಷರತ್ತಾಗಬೇಕು, ಕೊಡುವ ಕಂಪೆನಿಗೂ ಅದು ಅನ್ವಯಿಸಬೇಕು. ಎರಡನೆಯದಾಗಿ, ನಿಯಂತ್ರಿತ ಬೆಲೆಯ ಗೊಬ್ಬರ ಮಾರುವವನಿಗೆ ಅಂಗಡಿ ನಡೆಸಲು ಸಾಕಾಗುವಷ್ಟು ಲಾಭಾಂಶವನ್ನು ಕೇಂದ್ರ ಸರ್ಕಾರ ಕೊಡಬೇಕು. ಮೂರನೆಯದಾಗಿ, ಕಂಪೆನಿಗಳಿಗೆ ಪ್ರವಾಸ ಮಾಡಿಸಲೇಬೇಕೆಂಬ ಆಸೆಯಿದ್ದರೆ ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರಕ್ಕೋ, ರಾಜಗುರುನಗರದ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನಾ ಸಂಸ್ಥೆಗೋ, ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಕರೆದೊಯ್ಯಲಿ. ಮಾರಾಟದ ಲೆಕ್ಕ ನೋಡದೆ ಎಲ್ಲ ವ್ಯಾಪಾರಿಗಳಿಗೂ ಆ ಅವಕಾಶವಿರಲಿ.

ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರಕ್ಕೆ ಬರುವ ಪ್ರತಿ ಹೊನ್ನೂ ಯಾರದೋ ಬೆವರು ಎಂದು ಅರಿತ ಲೆಕ್ಕಿಗನ ಊರಿದು. ನನ್ನ ಅಳಿಯ ಮುಂದಿನ ವರ್ಷ ಮತ್ತೊಂದು ದೇಶ ನೋಡಲು ಹೋಗಲಿದ್ದಾನೆ. ಹೋಗುವ ಮುನ್ನ ಒಮ್ಮೆ ಊರಿಗೆ ಬಂದು, ನಮ್ಮ ಪಾಲಿನ ರೈತನ ಅಟ್ಟದ ಮೇಲಿರುವ ಆ ಬಾಟಲಿಯನ್ನು ನೋಡಿಕೊಂಡು ಹೋಗು ಎಂದು ಅವನಿಗೆ ಹೇಳಿದ್ದೇನೆ. ಬರುತ್ತೇನೆ ಎಂದಿದ್ದಾನೆ.