ಕಾಯುವ ದಿನಗಳ ಕೂಲಿ

ಆಸ್ಪತ್ರೆಯ ಖರ್ಚೆಂದರೆ ನಮ್ಮ ಜನ ಮೂರು ಬಾಬುಗಳನ್ನು ಲೆಕ್ಕ ಹಾಕುತ್ತಾರೆ: ಡಾಕ್ಟರ ಫೀಜು, ಔಷಧಿಯ ಚೀಟಿ, ಹಾಸಿಗೆಯ ಬಾಡಿಗೆ. ನಾಲ್ಕನೆಯ ಬಾಬೊಂದಿದೆ, ಅದು ಯಾವ ಬಿಲ್ಲಿನಲ್ಲಿಯೂ ನಮೂದಾಗುವುದಿಲ್ಲ. ಮಗುವಿಗೆ ಅಸ್ಥಿಮಜ್ಜೆಯ ಕಸಿ ಮಾಡಿಸಿದ ತಾಯಿತಂದೆಗಳು ಪರೀಕ್ಷೆಯ ಫಲಿತಾಂಶಕ್ಕಾಗಿ ತಿಂಗಳುಗಟ್ಟಲೆ ಕಾದು ಕೂರುತ್ತಾರಲ್ಲ, ಆ ದಿನಗಳ ಕೂಲಿಯೇ ಆ ಬಾಬು. ಅದನ್ನು ತುಂಬಿಕೊಡುವವರು ಯಾರು? ಗಿರಣಿ ಕಾರ್ಮಿಕನಿಗಾಗಲೀ ಸಣ್ಣ ಅಂಗಡಿಕಾರನಿಗಾಗಲೀ ಈ ಪ್ರಶ್ನೆಗೆ ಉತ್ತರ ಇನ್ನೂ ದೊರೆತಿಲ್ಲ.

ಮೊದಲು ವಿಷಯವನ್ನು ತಿಳಿದುಕೊಳ್ಳೋಣ. ಎಲುಬಿನೊಳಗಿರುವ ಮೆತ್ತನೆಯ ಮಜ್ಜೆಯೇ ನಮ್ಮ ರಕ್ತ ತಯಾರಾಗುವ ಕಾರ್ಖಾನೆ. ಥಲಸ್ಸೀಮಿಯಾ ಎಂಬ ರೋಗದೊಡನೆ ಹುಟ್ಟಿದ ಮಗುವಿನಲ್ಲಿ ಈ ಕಾರ್ಖಾನೆ ಸರಿಯಾದ ಕೆಂಪು ಕಣಗಳನ್ನು ತಯಾರಿಸಲಾರದು; ಕೆಲವೇ ವಾರಗಳಿಗೊಮ್ಮೆ ಪರರ ರಕ್ತವನ್ನು ಏರಿಸುತ್ತಲೇ ಇರಬೇಕು. ರಕ್ತದ ಕ್ಯಾನ್ಸರಿನಲ್ಲಿ ಅದೇ ಕಾರ್ಖಾನೆ ಕೆಟ್ಟ ಕಣಗಳನ್ನು ಮಿತಿಮೀರಿ ಹೊರಹಾಕುತ್ತದೆ. ಮಗ್ಗವೇ ಕೆಟ್ಟಿರುವಾಗ ಬಟ್ಟೆಯನ್ನು ಎಷ್ಟು ಸಲ ತಿದ್ದಿದರೇನು? ಆದ್ದರಿಂದ ಬಿರುಸಾದ ಔಷಧಗಳಿಂದ ಹಳೆಯ ಮಜ್ಜೆಯನ್ನು ಅಳಿಸಿ, ಹೊಂದಿಕೆಯಾಗುವ ಇನ್ನೊಬ್ಬರ ಮಜ್ಜೆಯನ್ನು ರಕ್ತ ಏರಿಸಿದಂತೆಯೇ ನರದ ಮೂಲಕ ಏರಿಸುತ್ತಾರೆ. ಒಡಹುಟ್ಟಿದ ಒಬ್ಬೊಬ್ಬರ ಮಜ್ಜೆಯೂ ಪೂರ್ತಿಯಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಪಾಲು.

ಇದು ಈಗ ಪವಾಡವೇನಲ್ಲ. ಅಮೆರಿಕದ ಡಾಕ್ಟರ್ ಡೊನಾಲ್ ಥಾಮಸರು 1957ರಲ್ಲಿ ತಮ್ಮ ಮೊದಲ ಪ್ರಯತ್ನಗಳನ್ನು ಪ್ರಕಟಿಸಿದಾಗ ಅವರ ರೋಗಿಗಳು ಉಳಿದಿರಲಿಲ್ಲ. ಅವರು ಬಿಡದೆ ದುಡಿದರು. 1990ರಲ್ಲಿ ನೊಬೆಲ್ ಬಹುಮಾನ ಪಡೆದರು. ಮುಂಬಯಿಯ ಟಾಟಾ ಆಸ್ಪತ್ರೆ 1983ರಲ್ಲಿಯೂ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1986ರಲ್ಲಿಯೂ ಈ ಕೆಲಸಕ್ಕೆ ಕೈಹಚ್ಚಿದವು. ಇಂದು ನಮ್ಮ ಜಿಲ್ಲೆಗಳ ಮಕ್ಕಳೂ ಬೆಂಗಳೂರಿಗೋ ವೆಲ್ಲೂರಿಗೋ ಹೋಗಿ ಕಸಿ ಮಾಡಿಸಿಕೊಂಡು ಬರುತ್ತಾರೆ.

ಕಸಿಯಾಯಿತು ಎಂದ ಕೂಡಲೇ ನೆಂಟರು ಹಣ್ಣು ಹಿಡಿದು ಬರುತ್ತಾರೆ. ಆದರೆ ಕುಟುಂಬದ ನಿಜವಾದ ಪರೀಕ್ಷೆ ಆರಂಭವಾಗುವುದು ಆ ದಿನವೇ. ಮಜ್ಜೆ ಏರಿಸಿದ ದಿನವನ್ನು ಡಾಕ್ಟರರು ಸೊನ್ನೆಯ ದಿನವೆಂದು ಕರೆದು, ಅಲ್ಲಿಂದ ಮುಂದೆ ಎಣಿಸುತ್ತಾರೆ. ಎರಡರಿಂದ ನಾಲ್ಕು ವಾರ ಪ್ರತಿ ಬೆಳಿಗ್ಗೆ ಬಿಳಿಕಣಗಳ ಎಣಿಕೆ ಬರಬೇಕು. ಒಂದು ಬಗೆಯ ಬಿಳಿಕಣ ಸತತ ಮೂರು ದಿನ 500ನ್ನು ದಾಟಿದರೆ ಹೊಸ ಮಜ್ಜೆ ಬೇರು ಬಿಟ್ಟಿತೆಂದು ಅರ್ಥ. ಆಮೇಲೆ ಮಗುವಿನ ರಕ್ತದಲ್ಲಿ ದಾನಿಯ ಪಾಲೆಷ್ಟು, ಹಳೆಯ ಪಾಲೆಷ್ಟು ಎಂದು ತೋರಿಸುವ ಪರೀಕ್ಷೆ. ಇದಕ್ಕೆ ಕೈಮೆರಿಸಂ ಪರೀಕ್ಷೆ ಎನ್ನುತ್ತಾರೆ. ಅದು ಮೂವತ್ತನೆಯ ದಿನದ ಸುಮಾರಿಗೆ ಒಮ್ಮೆ, ನೂರನೆಯ ದಿನದ ಸುಮಾರಿಗೆ ಮತ್ತೊಮ್ಮೆ. ನಡುವೆ ಹೊಸ ಮಜ್ಜೆ ಮಗುವಿನ ಚರ್ಮ, ಕರುಳು, ಯಕೃತ್ತುಗಳ ಮೇಲೆ ತಿರುಗಿಬಿದ್ದೀತೇ ಎಂಬ ಭಯ. ಅಡಗಿದ್ದ ವೈರಸ್ ತಲೆಯೆತ್ತೀತೇ ಎಂಬ ಭಯ. ಕ್ಯಾನ್ಸರಿನ ಮಗುವಾದರೆ ರೋಗ ಮರುಕಳಿಸಿತೇ ಎಂದು ಮಜ್ಜೆಯನ್ನೇ ತೆಗೆದು ನೋಡಬೇಕು. ಎಸ್ಸೆಸ್ಸೆಲ್ಸಿಯ ಫಲಿತಾಂಶ ಒಂದು ದಿನ ಬಂದು ಮುಗಿಯುತ್ತದೆ. ಈ ಫಲಿತಾಂಶ ಕಂತುಕಂತಾಗಿ ಬರುತ್ತದೆ. ಒಂದು ಚೆನ್ನಾಗಿ ಬಂದರೆ ಮುಂದಿನದಕ್ಕೆ ಕಾಯಬೇಕು.

ಈ ನೂರು ದಿನ ಕುಟುಂಬ ಆಸ್ಪತ್ರೆಗೆ ಹತ್ತಿರದಲ್ಲಿಯೇ ಇರಬೇಕು. ರಾತ್ರಿ ಜ್ವರ ಬಂದರೆ ಬೆಳಗಾಗುವವರೆಗೆ ತಡೆಯುವಂತಿಲ್ಲ. ಶುಚಿಯಾದ ಕೋಣೆ, ಕಾಯಿಸಿದ ನೀರು, ಆಗತಾನೇ ಮಾಡಿದ ಅಡಿಗೆ ಬೇಕು. ತಾಯಿ ಮಗುವಿನ ಬಳಿ. ತಂದೆ ಔಷಧಿಗೆ, ರಕ್ತದಾನಿಗಳಿಗೆ ಅಲೆದಾಟ. ಊರಿನಲ್ಲಿ ಉಳಿದ ಮಗು ಅಜ್ಜಿಯ ಮಡಿಲಲ್ಲಿ. ದುಡಿಯುವ ಕೈಗಳು ಕಟ್ಟಿಹೋಗುತ್ತವೆ, ಉಣ್ಣುವ ಬಾಯಿಗಳು ಹಾಗೆಯೇ ಇರುತ್ತವೆ.

ಈಗ ಕಾನೂನನ್ನು ನೋಡೋಣ. ಗಿರಣಿಯಲ್ಲಿ ಇಪ್ಪತ್ತು ದಿನ ದುಡಿದರೆ ಒಂದು ದಿನದಂತೆ ಸಿಗುವ ಸಂಬಳದ ರಜೆ ಸೊನ್ನೆಯ ದಿನಕ್ಕೆ ಮುಂಚೆಯೇ ತೀರಿರುತ್ತದೆ. 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ವಿಮೆಯಲ್ಲಿ ಕಾರ್ಮಿಕನ ಕುಟುಂಬಕ್ಕೂ ಚಿಕಿತ್ಸೆಯುಂಟು. ಇದು ದೊಡ್ಡ ಉಪಕಾರ, ಅಲ್ಲಗಳೆಯುವಂತಿಲ್ಲ. ಆದರೆ ಅದರ ಕಾಯಿಲೆ ಭತ್ಯ ದೊರೆಯುವುದು ಕಾರ್ಮಿಕ ತಾನೇ ಹಾಸಿಗೆ ಹಿಡಿದರೆ ಮಾತ್ರ. ಹಾಸಿಗೆಯಲ್ಲಿರುವುದು ಅವನ ಮಗುವಾದರೆ ಭತ್ಯವಿಲ್ಲ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ತಾಯಿಗೆ ಮಕ್ಕಳ ಪಾಲನೆಗೆಂದು ಸೇವಾವಧಿಯಲ್ಲಿ 730 ದಿನಗಳ ರಜೆಯಿದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ನೂರಕ್ಕೆ ನೂರು ಸರಿ. ಕಚೇರಿಯ ತಾಯಿಗೆ ಸರಿಯಾದುದು ನೂಲುವ ಖಾತೆಯ ತಾಯಿಗೆ ತಪ್ಪಾಗುವುದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ. ಸಣ್ಣ ಅಂಗಡಿಕಾರನ ಪಾಡು ಇನ್ನೂ ಕಷ್ಟ. ಅವನಿಗೆ ರಜೆ ಕೊಡುವವರೇ ಇಲ್ಲ. ಮೂರು ತಿಂಗಳು ಬಾಗಿಲು ಹಾಕಿದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ. ಬಾಡಿಗೆಯೂ ಸಾಲದ ಕಂತೂ ನಿಲ್ಲುವುದಿಲ್ಲ.

ಚಿಕಿತ್ಸೆಗೆ ನೆರವಿದೆಯಲ್ಲ ಎಂದು ಕೆಲವರು ಹೇಳುವರು. ಇದೆ. 2017ರಲ್ಲಿ ಆರಂಭವಾದ ಕೋಲ್ ಇಂಡಿಯಾದ ಯೋಜನೆಯಲ್ಲಿ ಥಲಸ್ಸೀಮಿಯಾದ ಬಡ ಮಗುವಿನ ಕಸಿಗೆ 10 ಲಕ್ಷ ರೂಪಾಯಿವರೆಗೆ ಸಹಾಯವುಂಟು. ಆದರೆ ಆ ಹಣ ಚಿಕಿತ್ಸೆಯದು, ಮನೆಯ ಒಲೆಯದಲ್ಲ. ಇನ್ನು ಕೆಲವರು, ಭತ್ಯ ಕೊಟ್ಟರೆ ಸುಳ್ಳು ಹೇಳಿ ರಜೆ ಹಾಕುವರು ಎನ್ನುವರು. ಮಗುವಿನ ಮಜ್ಜೆ ಬದಲಿಸಿಕೊಂಡು ರಜೆ ಪಡೆಯುವ ಸೋಮಾರಿ ಎಲ್ಲಿದ್ದಾನೆ? ಆಸ್ಪತ್ರೆಯ ಕಾಗದದಲ್ಲಿ ತಾರೀಖು ಸಹಿತ ಎಲ್ಲವೂ ಇರುತ್ತದೆ.

ಮಜ್ಜೆಯ ಚರಿತ್ರೆಯೇ ನಮಗೊಂದು ಪಾಠ ಹೇಳುತ್ತದೆ. 1958ರಲ್ಲಿ ಯುಗೊಸ್ಲಾವಿಯದ ವಿಂಚಾ ಅಣುಕೇಂದ್ರದಲ್ಲಿ ಅಪಘಾತವಾಗಿ ಆರು ಮಂದಿ ವಿಕಿರಣಕ್ಕೆ ತುತ್ತಾದಾಗ, ಅವರನ್ನು ಕಂಡರಿಯದ ಫ್ರೆಂಚರು ಪ್ಯಾರಿಸಿನಲ್ಲಿ ಮಜ್ಜೆ ಕೊಟ್ಟರು. ಆರರಲ್ಲಿ ಐವರು ಬದುಕಿದರು. ಇಂಗ್ಲೆಂಡಿನ ಶರ್ಲಿ ನೋಲನ್ ಎಂಬ ತಾಯಿ ತನ್ನ ಮಗ ಆಂಟನಿಗಾಗಿ 1974ರಲ್ಲಿ ದಾನಿಗಳ ಪಟ್ಟಿಯೊಂದನ್ನು ತೆರೆದಳು. ಅವನಿಗೆ ಹೊಂದುವವರು ಸಿಗಲಿಲ್ಲ. 1979ರಲ್ಲಿ ಹುಡುಗ ತೀರಿಕೊಂಡ. ಪಟ್ಟಿ ಮಾತ್ರ ಬೆಳೆಯಿತು, ಬೇರೆಯವರ ಮಕ್ಕಳನ್ನು ಉಳಿಸಿತು. ಮೈಯೊಳಗಿನ ಮಜ್ಜೆಯನ್ನೇ ಪರರಿಗೆ ಬಿಟ್ಟಿಯಾಗಿ ಕೊಡುವ ಮನುಷ್ಯರಿರುವಾಗ, ನೂರು ದಿನದ ಕೂಲಿ ಕೊಡಲು ಸಮಾಜದ ಕೈ ನಡುಗಬೇಕೇ?

ಆದ್ದರಿಂದ ನಾವು ಕೇಳಬೇಕಾದುದು ಇಷ್ಟು. ಕಸಿಯಾದ ಮಗುವಿನ ತಾಯಿತಂದೆಗಳಲ್ಲಿ ಒಬ್ಬರಿಗೆ ಇ.ಎಸ್.ಐ.ಯಿಂದ ಕನಿಷ್ಠ ನೂರು ದಿನ ಭತ್ಯ ಬರಲಿ, ಕೆಲಸಕ್ಕೆ ಸಂಚಕಾರ ಬಾರದಿರಲಿ. ಕಸಿ ಮಾಡುವ ಆಸ್ಪತ್ರೆಗಳ ಬಳಿ ಸರ್ಕಾರವೇ ವಸತಿ ಕಟ್ಟಲಿ. ಮಗು ಊರಿಗೆ ಮರಳಿದ ಮೇಲೆ ರಕ್ತವನ್ನು ಜಿಲ್ಲಾ ಆಸ್ಪತ್ರೆಯಲ್ಲಿಯೇ ತೆಗೆದು ಕಳುಹಿಸುವ ಏರ್ಪಾಡಾಗಲಿ. ಪ್ರಯಾಣ ಮಾಡಬೇಕಾದುದು ರಕ್ತದ ಸೀಸೆ, ರೋಗನಿರೋಧ ಶಕ್ತಿಯಿಲ್ಲದ ಕೂಸಲ್ಲ. ವರ್ತಕರ ಸಂಘಗಳು ಇಂಥ ಸದಸ್ಯನ ಅಂಗಡಿಯನ್ನು ಸರದಿಯ ಮೇಲೆ ತೆರೆದಿಡಲಿ, ಬ್ಯಾಂಕುಗಳು ಕಂತನ್ನು ಮುಂದೂಡಲಿ.

ಸರ್ಕಾರವನ್ನು ಕೇಳುವ ನಾವೂ ಒಂದು ಕೆಲಸ ಮಾಡಬಹುದು. ಚೆನ್ನೈಯ ದಾತ್ರಿಯಂತಹ ಸಂಸ್ಥೆಗಳು ದಾನಿಗಳ ಹೆಸರು ಬರೆದುಕೊಳ್ಳುತ್ತವೆ. ಬೇಕಾದುದು ಹದಿನೆಂಟು ತುಂಬಿದ ಆರೋಗ್ಯವಂತ ಪ್ರಾಯದವರು. ಹೆಸರು ಬರೆಸಲು ಕೆನ್ನೆಯೊಳಗೆ ಹತ್ತಿಯ ಕಡ್ಡಿ ಆಡಿಸಿದರೆ ಸಾಕು. ಮುಂದಿನ ಭಾನುವಾರ ಯೂನಿಯನ್ ಕಚೇರಿಯಲ್ಲಿ ಈ ವಿಷಯ ಎತ್ತಿರಿ.