ಕ್ರೈಸ್ತ ದೃಷ್ಟಿಯ ಪಾಠಕ್ಕೆ ಹೋಗಬೇಕೇ?

ನಮ್ಮ ಕಾಲೇಜಿನಲ್ಲಿ ಈ ವರ್ಷ ‘ಕ್ರೈಸ್ತ ದೃಷ್ಟಿಯಲ್ಲಿ ಸಮಾಜ ಮತ್ತು ಸಂಸ್ಕೃತಿ’ ಎಂಬ ಐಚ್ಛಿಕ ಉಪನ್ಯಾಸಮಾಲೆ ಶುರುವಾಗಿದೆ. ಹೆಸರು ಕೊಡಬೇಕೋ ಬೇಡವೋ ಎಂದು ನಮ್ಮ ಬಳಗದಲ್ಲಿ ಎರಡು ಪಕ್ಷಗಳಾಗಿವೆ. “ಪಾದ್ರಿಗಳ ಪಾಠ ನಮಗ್ಯಾಕಪ್ಪಾ?” ಅಂತ ಒಂದು ಪಕ್ಷ. “ಹಾಜರಿ ಕೊಟ್ರ ಸರ್ಟಿಫಿಕೇಟ್ ಸಿಗ್ತದ, ಕೇಳೋದು ಯಾರು?” ಅಂತ ಇನ್ನೊಂದು. ಎರಡೂ ನನಗೆ ಒಪ್ಪಿಗೆಯಿಲ್ಲ. ಹೋಗಬೇಕು, ಕೇಳಬೇಕು, ಎದ್ದು ನಿಂತು ಪ್ರಶ್ನೆಯನ್ನೂ ಹಾಕಬೇಕು.

ಯಾವ ದೃಷ್ಟಿಯೂ ಇಲ್ಲದೆ ಸಮಾಜವನ್ನು ನೋಡಿದವರು ಯಾರಿದ್ದಾರೆ, ಹೇಳಿ? ನಾನು ಕಾಮರ್ಸ್ ಹುಡುಗ. ಆಡಿಟರ್ ತನ್ನ ವರದಿಯ ಕೆಳಗೆ ಸಹಿ ಹಾಕುತ್ತಾನೆ. ಆದ್ದರಿಂದಲೇ ಅವನನ್ನು ಹಿಡಿದು ಕೇಳಬಹುದು. ‘ನಾನು ಇಲ್ಲಿ ನಿಂತು ನೋಡುತ್ತಿದ್ದೇನೆ’ ಎಂದು ಮೊದಲೇ ಹೇಳುವವನ ಲೆಕ್ಕ ತಾಳೆ ನೋಡುವುದು ಸುಲಭ. ಕಿಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದದ್ದು ಧರ್ಮಪ್ರಚಾರಕ್ಕೇ. ಅದನ್ನು ಅವರು ಮುಚ್ಚಿಡಲಿಲ್ಲ. 1894ರ ಅವರ ನಿಘಂಟನ್ನು ನಾವು ಬಿಟ್ಟಿದ್ದೇವೆಯೇ?

ಪುಣೆಯಲ್ಲಿ ಕೂತು ಇದನ್ನು ಬರೆಯುವಾಗ ಪಂಡಿತಾ ರಮಾಬಾಯಿಯವರನ್ನು ನೆನೆಯಲೇಬೇಕು. ಇವರು ಕಾರ್ಕಳದ ಹತ್ತಿರದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1887ರಲ್ಲಿ ಮೇಲ್ಜಾತಿಯ ಹಿಂದೂ ಹೆಣ್ಣಿನ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಹಾಗಂತ ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರೇ? ಇಲ್ಲ. ತ್ರೈಯೇಕತ್ವದ ಬಗ್ಗೆ, ಬಿಷಪ್ಪರ ಅಧಿಕಾರದ ಬಗ್ಗೆ ತಮಗೆ ಆಶ್ರಯ ಕೊಟ್ಟ ಸನ್ಯಾಸಿನಿಯರೊಂದಿಗೇ ಪತ್ರಗಳಲ್ಲಿ ಜಗಳಾಡಿದರು. 1889ರಲ್ಲಿ ಅಮೆರಿಕದ ಲೋಕಸ್ಥಿತಿಯನ್ನು ಮರಾಠಿಯಲ್ಲಿ ಬರೆದಾಗ ಅಲ್ಲಿಯ ಹೆಂಗಸರ ಸಂಘಟನೆಯನ್ನು ಹೊಗಳಿದರು. ಕರಿಯರಿಗೂ ಮೂಲನಿವಾಸಿಗಳಿಗೂ ಆಗುತ್ತಿದ್ದ ಅನ್ಯಾಯವನ್ನೂ ಬರೆದರು. ಸಮಾಜಶಾಸ್ತ್ರ ಅಂದರೆ ಇದೇ ಅಲ್ಲವೇ?

ವಿರೋಧಿಸುವ ಗೆಳೆಯರ ಮಾತಿನಲ್ಲಿ ಹುರುಳಿಲ್ಲ ಎನ್ನುತ್ತಿಲ್ಲ. 1893ರಲ್ಲಿ ಶಾರದಾ ಸದನದ ಹುಡುಗಿಯರನ್ನು ಮತಾಂತರಿಸುತ್ತಾರೆಂದು ಪುಣೆಯಲ್ಲಿ ಗದ್ದಲವೆದ್ದಾಗ ರಾನಡೆ, ಭಾಂಡಾರಕರರಂಥ ಸುಧಾರಕರೇ ಸಲಹಾ ಮಂಡಳಿ ಬಿಟ್ಟು ಹೊರಬಂದರು. ಅನ್ನ ಆಶ್ರಯ ಕೊಟ್ಟವರ ಎದುರಿಗೆ ‘ಒಲ್ಲೆ’ ಎನ್ನುವುದು ಯಾವ ಹುಡುಗಿಗೂ ಕಷ್ಟವೇ. ಆದರೆ ಆ ವಿಧವೆಯರಿಗೆ ನಮ್ಮವರು ತೆರೆದಿಟ್ಟ ಬಾಗಿಲುಗಳು ಎಷ್ಟಿದ್ದವು? ಅದೇ ವರ್ಷ ಧೋಂಡೋ ಕೇಶವ ಕರ್ವೆಯವರು ಶಾರದಾ ಸದನದಲ್ಲಿ ಕಲಿತ ವಿಧವೆ ಗೋದೂಬಾಯಿಯ ಕೈಹಿಡಿದರು. 1896ರಲ್ಲಿ ತಾವೇ ವಿಧವೆಯರಿಗೆ ಆಶ್ರಮ ತೆರೆದರು. ರಮಾಬಾಯಿಗೆ ಪುಣೆ ಕೊಟ್ಟ ನಿಜವಾದ ಉತ್ತರ ಇದು. ಗದ್ದಲ ಅಲ್ಲ.

ಉಪನ್ಯಾಸಕರಿಗೂ ನನ್ನದೊಂದು ಮಾತಿದೆ. ನಮ್ಮ ಜಾತಿಪದ್ಧತಿಯನ್ನು ಕ್ರೈಸ್ತ ದೃಷ್ಟಿಯಿಂದ ಅಳೆಯುವಾಗ ಅದೇ ಅಳತೆಗೋಲನ್ನು ಚರ್ಚಿನ ಒಳಗೂ ಒಯ್ಯಿರಿ. ಮತ ಬದಲಾಯಿಸಿದರೂ ದಲಿತ ಕ್ರೈಸ್ತರನ್ನು ಜಾತಿ ಯಾಕೆ ಬಿಡಲಿಲ್ಲ, ಕೆಲವೆಡೆ ಸ್ಮಶಾನ ಕೂಡ ಯಾಕೆ ಬೇರೆಯಾಯಿತು ಎಂಬುದನ್ನೂ ಪಾಠದಲ್ಲಿ ಸೇರಿಸಿರಿ. ಇನ್ನೊಬ್ಬರ ಮನೆಯ ಕಸವನ್ನಷ್ಟೇ ತೋರಿಸಿದರೆ ಅದು ಪ್ರಚಾರವಾಗುತ್ತದೆ, ಪಾಠ ಆಗುವುದಿಲ್ಲ.

ಮಿತ್ರರೇ, ಕನ್ನಡ ಶಾಲೆಯಿಂದ ಬಂದ ನಮಗೆ ಇಂಗ್ಲಿಷ್ ಕ್ಲಾಸಿನಲ್ಲಿ ಬಾಯಿ ಏಳುವುದಿಲ್ಲ, ನಿಜ. ಅದಕ್ಕೇ ‘ಬಹಿಷ್ಕಾರ’ ಎನ್ನುವುದು ಸುಲಭವಾಗಿ ಕಾಣುತ್ತದೆ. ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲೇ ಬರೆದುಕೊಂಡು ಹೋಗೋಣ. ನಾನಂತೂ ಹೆಸರು ಕೊಟ್ಟಿದ್ದೇನೆ.